ಮಲಗಿದ ಮೋಟಾರಿನ ಜೀರ್ಣೋದ್ಧಾರ

ಮೋಟಾರು ಗಾಡಿಯನ್ನು ಇತಿಹಾಸದ ಸಾಮಗ್ರಿಗಳೊಳಗೆ ಎಣಿಸುವ ವಾಡಿಕೆಯು ನಮ್ಮಲ್ಲಿ ಇನ್ನೂ ಬಲಿತಿಲ್ಲ. ಖಾನಾಪುರ ತಾಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ಯಾರಾದರೂ ಹುಣಸೆಹುಳಿಯಿಂದ ತಿಕ್ಕಿ ಥಳಥಳಿಸುವಂತೆ ಮಾಡಹೊರಟರೆ ವಿದ್ವಾಂಸರು ಹೌಹಾರುವರು. ಅಕ್ಷರಗಳು ಸವೆದ ಬಳಿಕ ಹೊಳಪಿನಿಂದ ಪ್ರಯೋಜನವೇನು? ಆದರೆ ಅಜ್ಜನ ಕಾಲದ ಮೋಟಾರೊಂದು ಕೊಟ್ಟಿಗೆಯಲ್ಲಿ ಮೂವತ್ತು ನಾಲ್ವತ್ತು ವರ್ಷ ಮಲಗಿದ್ದು, ಮೊಮ್ಮಗನಿಗೆ ಒಮ್ಮೆಲೇ ಅದರ ಮೇಲೆ ಅಕ್ಕರೆ ಹುಟ್ಟಿತೆಂದರೆ, ಮೊದಲು ನಡೆಯುವುದು ಇಂಥ ತಿಕ್ಕಾಟವೇ. ಹೊಸ ಬಣ್ಣ, ಹೊಸ ಗಾದಿ, ಬೇರೊಂದು ಗಾಡಿಯಿಂದ ಕಿತ್ತು ತಂದ ಎಂಜಿನ್ನು. ಗಾಡಿಯು ಓಡುವುದು ನಿಜ. ಆದರೆ ಓಡುತ್ತಿರುವುದು ಯಾವ ಗಾಡಿ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಬೆಳಗಾವಿಯ ಸೀಮೆಗೆ ಯಂತ್ರದ ನಂಟು ಹೊಸದಲ್ಲ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಥಾ ಬೆಂಝ್ ಎಂಬ ಗೃಹಿಣಿಯು ಗಂಡನಿಗೆ ಹೇಳದೆ, ಅವನೇ ನಿರ್ಮಿಸಿದ ಮೋಟಾರಿನಲ್ಲಿ ಇಬ್ಬರು ಮಕ್ಕಳನ್ನು ಕೂಡಿಸಿಕೊಂಡು ಮಾನ್‌ಹೈಮ್‌ದಿಂದ ಫೋರ್ಟ್ಸ್‌ಹೈಮ್‌ಗೆ ತವರಿನವರನ್ನು ಕಾಣಲು ಹೊರಟಳು. ದಾರಿಯಲ್ಲಿ ಇಂಧನ ತೀರಲು ಔಷಧದ ಅಂಗಡಿಯಲ್ಲಿ ಕೊಂಡಳು. ಇಂಧನದ ನಳಿಗೆಯು ಕಟ್ಟಿಕೊಳ್ಳಲು ಟೊಪ್ಪಿಗೆಯ ಸೂಜಿಯಿಂದ ಅದನ್ನು ಬಿಡಿಸಿದಳು. ಅದೇ 1888ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರ ಸೈಕಲ್ಲಿನ ಅಂಗಡಿಯು ಬೆಳಗಾವಿಯಲ್ಲಿ ಆರಂಭವಾಯಿತು. ಅಂಗಡಿಯು ಬೆಳೆದು ಕಬ್ಬಿಣದ ನೇಗಿಲಿನ ಕಾರಖಾನೆಯಾಯಿತು. ಊರಿನ ವಿಸ್ತರಣಕ್ಕಾಗಿ ಸ್ಥಳವನ್ನು ಬಿಟ್ಟುಕೊಡಬೇಕಾಗಿ ಬರಲು, ಅವರು 1910ರಲ್ಲಿ ಔಂಧ ಸಂಸ್ಥಾನದ ಆಶ್ರಯವನ್ನು ಸೇರಿದರು. ಕಾರಖಾನೆಯು ಹೋಯಿತು, ಕಸಬು ಹೋಗಲಿಲ್ಲ. ಎರಕದ ಕೆಲಸಕ್ಕೂ ಯಂತ್ರದ ಬಿಡಿಭಾಗಗಳಿಗೂ ಬೆಳಗಾವಿಯು ಮುಂದೆಯೂ ಹೆಸರಾಯಿತು. ಖಾನಾಪುರದ ರಸ್ತೆಯ ಮೇಲಿನ ಉದ್ಯಮಬಾಗವೇ ಇದಕ್ಕೆ ಸಾಕ್ಷಿ.

ಆ ರಸ್ತೆಯಲ್ಲಿಯೇ ಮುಂದೆ ದೇಸೂರವಿದೆ. ಮೀರಜ–ಲೋಂಡಾ ರೈಲುಮಾರ್ಗದ ಸಣ್ಣ ನಿಲ್ದಾಣವಿದು. ಇಲ್ಲಿಂದ ಖಾನಾಪುರದತ್ತ ಸಾಗಿದಂತೆಲ್ಲ ಬಯಲು ಹಿಂದಾಗಿ ಮಲೆನಾಡು ಮುಂದಾಗುತ್ತದೆ. ಗದ್ದೆಗೆ ಹಿತವಾದ ಈ ತೇವವು ಮಲಗಿದ ಮೋಟಾರಿಗೆ ಪರಮಶತ್ರು. ಬಯಲುಸೀಮೆಯ ಕೊಟ್ಟಿಗೆಯಲ್ಲಿ ಧೂಳು ಕುಳಿತೀತು. ಇಲ್ಲಿ ನಾಲ್ಕು ಮಳೆಗಾಲದಲ್ಲಿ ತುಕ್ಕು ಕುಳಿತುಬಿಡುತ್ತದೆ.

ಮೋಟಾರುಗಳು ಗುಂಪುಗುಂಪಾಗಿ ಮಲಗಿದ ಕಾಲವೊಂದಿತ್ತು. ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಹಿಂದುಸ್ಥಾನದಲ್ಲಿ ಪೆಟ್ರೋಲಿಗೆ ಅಳತೆ ಬಂದಿತು. ಮರುವರ್ಷ ಬ್ರಹ್ಮದೇಶವು ಜಪಾನೀಯರ ಕೈಸೇರುವಾಗ, ಹಿಂದೆಗೆಯುತ್ತಿದ್ದ ಬ್ರಿಟಿಷರು ಏಪ್ರಿಲಿನಲ್ಲಿ ಯೆನಂಜಾಂವ್‌ದ ಎಣ್ಣೆಬಾವಿಗಳನ್ನು ತಾವೇ ನಾಶಮಾಡಿದರು. ಬಸ್ಸುಗಳು ಬೆನ್ನಿಗೆ ಒಲೆಯನ್ನು ಕಟ್ಟಿಕೊಂಡು ಇದ್ದಲಿನ ಅನಿಲದಿಂದ ಏದುತ್ತ ಓಡಿದವು; ಏರು ಬಂದಲ್ಲಿ ಪ್ರಯಾಣಿಕರು ಇಳಿದು ತಳ್ಳುವುದೂ ಉಂಟು. ಸ್ವಂತದ ಮೋಟಾರುಳ್ಳವರಿಗೆ ಗಾಲಿಗಳ ಕೆಳಗೆ ಕಟ್ಟಿಗೆಯ ತುಂಡುಗಳನ್ನಿಟ್ಟು ಗಾಡಿಯನ್ನು ನಿಲ್ಲಿಸುವುದೇ ದಾರಿಯಾಯಿತು. ಯುದ್ಧವು ಮುಗಿದು ಹಲವು ಎದ್ದವು, ಕೆಲವು ಏಳಲಿಲ್ಲ.

ಎದ್ದವುಗಳಿಗೂ ಮುಂದೆ ಇನ್ನೊಂದು ಕುತ್ತು ಕಾದಿತ್ತು. ಅಮೇರಿಕದ ಫೋರ್ಡ್ ಸಂಸ್ಥೆಯೂ, 1928ರಲ್ಲಿ ಜನರಲ್ ಮೋಟಾರ್ಸೂ ಮುಂಬಯಿಯಲ್ಲಿ ಗಾಡಿಗಳನ್ನು ಜೋಡಿಸತೊಡಗಿದ್ದವು. ಸ್ವದೇಶದಲ್ಲಿಯೇ ತಯಾರಿಕೆಯಾಗಬೇಕೆಂಬ ಸರಕಾರದ ಹೊಸ ನೀತಿಯಿಂದ 1953-54ರ ಹೊತ್ತಿಗೆ ಎರಡೂ ಆ ಕೆಲಸವನ್ನು ನಿಲ್ಲಿಸಿದವು. ಬಿಡಿಭಾಗಗಳು ದುರ್ಲಭವಾದವು. ಆಗ ಊರೂರಿನ ಎರಕದವರು, ಚರಕಿ ಹಿಡಿದವರು ಹಳೆಯ ತುಂಡನ್ನು ಮುಂದಿಟ್ಟುಕೊಂಡು ಹೊಸದನ್ನು ಕಡೆದುಕೊಟ್ಟರು. ಅವರ ಕೈಚಳಕವನ್ನು ಯಾವ ಗ್ರಂಥವೂ ಬರೆದಿಟ್ಟಿಲ್ಲ. ಅದು ಆ ಗಾಡಿಗಳ ಒಡಲಿನಲ್ಲಿಯೇ ಉಳಿದಿದೆ. ಇನ್ನು ಕೆಲವರು ಪೆಟ್ರೋಲಿನ ದುಬಾರಿಗೆ ಅಂಜಿ ಮೂಲದ ಎಂಜಿನ್ನನ್ನು ತೆಗೆದು ಡೀಸಲಿನದನ್ನು ಕೂಡಿಸಿದರು. ಆ ಕಾಲಕ್ಕೆ ಅದು ಜಾಣತನವೇ. ಆದರೆ 2021ರಲ್ಲಿ ಕೇಂದ್ರ ಸರಕಾರವು ಐವತ್ತು ವರ್ಷ ಮೀರಿದ ವಾಹನಗಳಿಗಾಗಿ ಹೊರಡಿಸಿದ ನಿಯಮವು, ಚೌಕಟ್ಟು, ಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವವಕ್ಕೆ ಮಾತ್ರ ಪುರಾತನ ವಾಹನವೆಂಬ ಮನ್ನಣೆಯನ್ನು ಕೊಡುತ್ತದೆ. ಮೊದಲ ನೋಂದಣಿಗೆ 20,000 ರೂಪಾಯಿ. ಅಂದಿನ ಉಳಿತಾಯವು ಇಂದಿನ ನಷ್ಟವಾಯಿತು.

ಹಾಗಾದರೆ ಎಬ್ಬಿಸುವ ಬಗೆ ಹೇಗೆ? ಹೊಸ ಬ್ಯಾಟರಿಯನ್ನಿಟ್ಟು ಗುಂಡಿಯೊತ್ತುವವನು ಗಾಡಿಯ ವೈರಿಯೆಂದೇ ತಿಳಿಯಬೇಕು. ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿರುತ್ತವೆ. ಬಲದಿಂದ ತಿರುವಿದರೆ ಮುರಿಯುವುದು ಉಂಗುರ, ಗೀಚುವುದು ಗೋಡೆ. ಬಲ್ಲವರು ಮೊದಲು ಕಿಡಿಯ ಪ್ಲಗ್ಗುಗಳನ್ನು ತೆಗೆದು, ಪ್ರತಿಯೊಂದು ಸಿಲಿಂಡರಿನೊಳಗೆ ತೆಳ್ಳನೆಯ ಎಣ್ಣೆಯನ್ನು ಹನಿಸಿ ದಿನಗಟ್ಟಲೆ ಕಾಯುವರು. ಅನಂತರ ಕೈಯಿಂದ ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಅಲುಗಿಸುವರು. ಅಲುಗದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವಿಕೆ. ಈ ನಡುವೆ ತಳದ ಕೆಸರಾದ ಎಣ್ಣೆಯನ್ನು ಬಸಿಯುವುದು, ಕವಾಟಗಳು ಸರಾಗವಾಗಿ ಏರಿಳಿಯುವವೋ ಎಂದು ಪರೀಕ್ಷಿಸುವುದು, ಇಲಿಗಳು ಕಡಿದ ತಂತಿಗಳ ಹತ್ತಿಯ ಹೊದಿಕೆಯನ್ನು ನೋಡುವುದು, ಹೊಗೆಕೊಳವೆಯಲ್ಲಿ ಕಣಜವು ಕಟ್ಟಿದ ಮಣ್ಣಿನ ಗೂಡನ್ನು ಕೆಡಹುವುದು ಇವೇ ಮೊದಲಾದ ಕೆಲಸಗಳುಂಟು. ಬ್ರೇಕಿನ ರಬ್ಬರು ಕೊಳೆತಿರುವುದೆಂದು ನೋಡದೆಯೇ ಹೇಳಬಹುದು. ಓಡಿಸುವ ಮುಂಚೆ ನಿಲ್ಲಿಸುವುದನ್ನು ಸರಿಪಡಿಸಬೇಕಷ್ಟೆ.

ಇಂಧನದ ಮಾತು ಬೇರೆ. ನಿಂತ ಪೆಟ್ರೋಲು ಕಾಲಾಂತರದಲ್ಲಿ ಅಂಟಾಗಿ ಕಾರ್ಬ್ಯುರೆಟರಿನ ಕಿರಿದಾದ ರಂಧ್ರಗಳನ್ನು ಮುಚ್ಚುತ್ತದೆ. ಬೆರ್ಥಾಳ ಟೊಪ್ಪಿಗೆಯ ಸೂಜಿಯನ್ನು ಇಲ್ಲಿ ನೆನೆಯಬಹುದು, ಆದರೆ ಬಳಸಬಾರದು. ಅಳತೆಗೆ ಕೊರೆದ ರಂಧ್ರವು ಸೂಜಿಯಿಂದ ಹಿಗ್ಗುವುದು. ಹೊಸ ಪೆಟ್ರೋಲಿನಲ್ಲಿಯೂ ಅಪಾಯವಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲನ್ನು ಬೆರೆಸಲಾಗಿದೆ. ಎಥನಾಲೆಂದರೆ ಮದ್ಯಸಾರ, ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಹಿಂದಿನ ಕೆಲವು ಗಾಡಿಗಳಲ್ಲಿ ಇಂಧನದ ಮಟ್ಟವನ್ನು ತೋರಲು ಬೆಂಡಿನ ತೇಲುಗುಂಡನ್ನಿಟ್ಟು ಅದಕ್ಕೆ ಅರಗನ್ನು ಬಳಿದಿರುತ್ತಿದ್ದರು. ಅರಗು ಪೆಟ್ರೋಲಿನಲ್ಲಿ ಕರಗದು, ಮದ್ಯಸಾರದಲ್ಲಿ ಕರಗುವುದು. ನೂರು ವರ್ಷ ಬಾಳಿದ ತೇಲುಗುಂಡು ಒಂದು ತುಂಬಿಗೆ ಮುಳುಗೀತು.

ಇಂಗ್ಲಂಡಿನವರು ಲಂಡನ್ನಿನಿಂದ ಬ್ರೈಟನ್ನಿಗೆ ಹಳೆಯ ಮೋಟಾರುಗಳ ಸವಾರಿಯನ್ನು 1927ರಿಂದ ನಡೆಸುತ್ತಿದ್ದಾರೆ. ದಿಲ್ಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯು 1964ರಲ್ಲಿ ಇಂಥದನ್ನು ಆರಂಭಿಸಿತು. ಅಲ್ಲಿ ಮೆಚ್ಚುಗೆಯು ಹೊಳಪಿಗೊಂದೇ ಅಲ್ಲ, ಮೂಲದ ಅಂಗಾಂಗಗಳಿಗೂ ಸಲ್ಲುತ್ತದೆ. ಆದುದರಿಂದ ತೆಗೆದ ತುಂಡನ್ನು, ಅದು ಎಷ್ಟೇ ನಿರುಪಯೋಗಿಯಾಗಿರಲಿ, ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡುವುದು ಲೇಸು. ಎರಕದವನು ಮಾಡಿಕೊಟ್ಟ ಹೊಸ ತುಂಡಿನ ಒಳಮೈಯಲ್ಲಿ ವರ್ಷವನ್ನು ಕೊರೆಸುವುದು ಇನ್ನೂ ಲೇಸು.

ಎಂಜಿನ್ನು ಕೊನೆಗೆ ಉಸಿರೆತ್ತಿದಾಗ ದೂರದ ಪ್ರಯಾಣದ ಹುಚ್ಚು ಬೇಡ. ಉದ್ಯಮಬಾಗದಿಂದ ದೇಸೂರದ ನಿಲ್ದಾಣದವರೆಗೆ ಹೋಗಿ ಬರುವಷ್ಟು ದಾರಿ ಸಾಕು. ಎಣ್ಣೆಯ ಒತ್ತಡದ ಮುಳ್ಳನ್ನೂ ನೀರಿನ ಕಾವನ್ನೂ ನೋಡುತ್ತಲೇ ನಡೆಸಬೇಕು. ಮರಳಿ ಬಂದ ಮೇಲೆ ಆ ಎಣ್ಣೆಯನ್ನು ಬಸಿದು ಬಿಳಿಯ ಬಟ್ಟೆಯಲ್ಲಿ ಸೋಸುವರು. ಬಟ್ಟೆಯ ಮೇಲೆ ಕಪ್ಪು ಮಡ್ಡಿ ಮಾತ್ರ ನಿಂತರೆ ಹೊಸ ಎಣ್ಣೆಯನ್ನು ಹೊಯ್ಯಬಹುದು. ಬಿಳಿಲೋಹದ ಕಣಗಳು ಮಿನುಗಿದರೆ ಬೇರಿಂಗನ್ನು ಬಿಚ್ಚಲೇಬೇಕು.