ಯುಎಸ್‌ಬಿ ಮಿಕ್ಸರ್ ಮತ್ತು ಮನೆಯ ಮಲ್ಟಿಟ್ರ್ಯಾಕ್ ರೆಕಾರ್ಡಿಂಗ್

ಮಲ್ಟಿಟ್ರ್ಯಾಕ್ ಎಂದರೆ ಹಾಡುವವರ ದನಿ, ಹಾರ್ಮೋನಿಯಂ, ತಬಲಾ, ತಾಳ ಇವನ್ನು ಬೇರೆಬೇರೆ ಟ್ರ್ಯಾಕ್‌ಗಳಲ್ಲಿ ಹಿಡಿದಿಟ್ಟು, ಆಮೇಲೆ ಒಂದೊಂದರ ಏರಿಳಿತ ಹೊಂದಿಸಿ ಕೂಡಿಸುವ ಧ್ವನಿಮುದ್ರಣದ ಕ್ರಮ. ಮೈಕಿನಿಂದ ಬರುವ ಸಣ್ಣ ವಿದ್ಯುತ್ ಸಂಕೇತವನ್ನು ಮಿಕ್ಸರ್ ದೊಡ್ಡದು ಮಾಡಿ, ಅಂಕಿಗಳಾಗಿ ಬದಲಿಸಿ, ಯುಎಸ್‌ಬಿ ಕೇಬಲಿನ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ.

ಈ ಕ್ರಮ ಯಾಕೆ ಬೇಕೆಂದು ತಿಳಿಯಲು ರಾಯಚೂರು ಸೀಮೆಯ ಭಜನೆಯನ್ನೇ ನೋಡಬಹುದು. ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಮಸರಕಲ್, 18ನೆಯ ಶತಮಾನದ ಹರಿದಾಸ ಗೋಪಾಲದಾಸರ ಹುಟ್ಟೂರು. ಅವರ ಗುರು ವಿಜಯದಾಸರದು ಮಾನ್ವಿ ಸೀಮೆಯ ಚೀಕಲಪರವಿ. ಜಗನ್ನಾಥದಾಸರು ನೆಲೆಸಿದ್ದು ಮಾನ್ವಿಯಲ್ಲಿ. ದಾಸರ ಪದ, ತತ್ವಪದಗಳ ಈ ನೆಲದ ಭಜನೆಯನ್ನು ಮೊಬೈಲಿನಲ್ಲಿ ಮುದ್ರಿಸಿದರೆ ಮೊದಲು ಏಟು ಬೀಳುವುದು ಮಾತಿಗೆ. ತಾಳದ ಝಣತ್ಕಾರ ಏರುವುದೇ ಪದ ಮುಗಿಯುವ ಹೊತ್ತಿಗೆ, ಅಂದರೆ ಗೋಪಾಲದಾಸರ ‘ಗೋಪಾಲವಿಠಲ’ದಂಥ ಅಂಕಿತ ಬರುವಲ್ಲಿ. ತಾಳಕ್ಕೆ ತನ್ನದೇ ಟ್ರ್ಯಾಕ್ ಇದ್ದರೆ ಅದನ್ನಷ್ಟೇ ತಗ್ಗಿಸಬಹುದು. ಮೊಬೈಲಿನ ಒಂದೇ ಮೈಕಿನಲ್ಲಿ ಕಲಸಿಹೋದದ್ದನ್ನು ಆಮೇಲೆ ಬಿಡಿಸುವುದು ಕಷ್ಟ.

ಮನೆಯಲ್ಲೇ ಹೀಗೆ ಬೇರೆಬೇರೆ ಟ್ರ್ಯಾಕ್ ಮುದ್ರಿಸುವುದು ಹೊಸದೇನಲ್ಲ. ಗಿಟಾರ್ ವಾದಕ ಲೆಸ್ ಪಾಲ್ ಎಂಟು ಟ್ರ್ಯಾಕ್‌ಗಳ ಆಂಪೆಕ್ಸ್ ಟೇಪ್ ಯಂತ್ರವನ್ನು ಮನೆಗೆ ತರಿಸಿಕೊಂಡದ್ದು 1957ರಲ್ಲಿ. 1979ರ ಪೋರ್ಟಾಸ್ಟುಡಿಯೊ ಎಂಬ ಯಂತ್ರ ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ಕೊಟ್ಟಿತು. 1996ರಲ್ಲಿ ಯುಎಸ್‌ಬಿ, 2000ದಲ್ಲಿ ಉಚಿತ ಧ್ವನಿಮುದ್ರಣ ತಂತ್ರಾಂಶ ಆಡಾಸಿಟಿ ಬಂದ ಮೇಲೆ ಟೇಪಿನ ಹಂಗು ತಪ್ಪಿತು.

ಕೊಳ್ಳುವವರು ಎಡವುವುದು ಒಂದೇ ಕಡೆ. ಮಿಕ್ಸರಿನ ಮೇಲೆ ಎಷ್ಟು ತೂತುಗಳಿವೆಯೋ ಅಷ್ಟು ಟ್ರ್ಯಾಕ್ ಕಂಪ್ಯೂಟರಿಗೆ ಹೋಗುತ್ತವೆ ಎಂದುಕೊಳ್ಳುತ್ತಾರೆ. ಯಮಹಾ ಎಂಜಿ10ಎಕ್ಸ್‌ಯು ಮಾದರಿಗೆ ಹತ್ತು ಇನ್‌ಪುಟ್‌ಗಳಿದ್ದರೂ ಯುಎಸ್‌ಬಿಯಲ್ಲಿ ಹೋಗುವುದು ಎಡ, ಬಲ ಎಂಬ ಎರಡೇ ಚಾನೆಲ್. ಎಲ್ಲ ಮೈಕುಗಳೂ ಒಳಗೇ ಕಲೆತುಬಿಟ್ಟಿರುತ್ತವೆ. ಸೌಂಡ್‌ಕ್ರಾಫ್ಟ್ ಸಿಗ್ನೇಚರ್ 12 ಎಂಟಿಕೆ, ಟ್ಯಾಸ್ಕಾಮ್ ಮಾಡೆಲ್ 12 ಇಂಥವು ಮಾತ್ರ ಒಂದೊಂದು ಚಾನೆಲನ್ನೂ ಪ್ರತ್ಯೇಕವಾಗಿ ಕಳಿಸುತ್ತವೆ. ಬೆಲೆಯೂ ಅದಕ್ಕೆ ತಕ್ಕಂತೆ.

ಹಾಗೆಂದು ಎರಡು ಚಾನೆಲಿನ ಮಿಕ್ಸರ್ ಕೆಲಸಕ್ಕೆ ಬಾರದ್ದಲ್ಲ. ಪ್ಯಾನ್ ಗುಬ್ಬಿ ತಿರುಗಿಸಿ ಹಾರ್ಮೋನಿಯಮ್ಮನ್ನು ಪೂರ್ತಿ ಎಡಕ್ಕೂ ತಬಲಾವನ್ನು ಪೂರ್ತಿ ಬಲಕ್ಕೂ ತಳ್ಳಿದರೆ ಒಂದು ಸಲಕ್ಕೆ ಎರಡು ಟ್ರ್ಯಾಕ್ ಸಿಗುತ್ತವೆ. ಮುಂದಿನ ಸುತ್ತಿನಲ್ಲಿ ಅದನ್ನೇ ಹೆಡ್‌ಫೋನಿನಲ್ಲಿ ಕೇಳುತ್ತ ಹಾಡುವುದು, ಮತ್ತೊಂದು ಸುತ್ತಿನಲ್ಲಿ ತಾಳ. ಹಾರ್ಮೋನಿಯಂ ಮೊದಲ ಸುತ್ತಿನಲ್ಲೇ ಇರಲಿ. ಅದರ ಸ್ವರ ಕದಲದು, ಉಳಿದವರು ಅದಕ್ಕೆ ಶ್ರುತಿ ಕೂಡಿಸಿಕೊಳ್ಳಬೇಕು.

ಈ ಸುತ್ತುಗಳಲ್ಲಿ ಒಂದು ಕಾಟವುಂಟು. ಕಂಪ್ಯೂಟರಿನಿಂದ ಮರಳಿದ ಹಳೆಯ ಟ್ರ್ಯಾಕ್ ಮಿಕ್ಸರಿನ ಮುಖ್ಯ ಹೊರದಾರಿಗೆ ಸೇರಿ, ಹೊಸ ಟ್ರ್ಯಾಕಿನಲ್ಲೂ ಬಂದು ಕೂರುತ್ತದೆ. ದನಿಯ ಟ್ರ್ಯಾಕನ್ನು ಒಂದೇ ಹಾಕಿ ಕೇಳಿದಾಗ ಹಿಂದೆ ತಬಲಾ ಕೇಳಿಸಿದರೆ ಕಾರಣ ಇದೇ. ಮರಳಿದ ಧ್ವನಿಯನ್ನು ಹೆಡ್‌ಫೋನಿಗಷ್ಟೇ ಬಿಡುವ ಗುಂಡಿ ಕೆಲವು ಮಿಕ್ಸರ್‌ಗಳಲ್ಲಿದೆ. ಇಲ್ಲದಿದ್ದರೆ ಹೊಸ ಮೈಕನ್ನು ಎಡಕ್ಕೂ ಮರಳಿದ ಹಳೆಯ ಟ್ರ್ಯಾಕನ್ನು ಬಲಕ್ಕೂ ತಿರುಗಿಸಿ, ಎಡದ ಚಾನೆಲನ್ನಷ್ಟೇ ಮುದ್ರಿಸಿಕೊಳ್ಳಬೇಕು.

ಇನ್ನೊಂದು ತೊಡಕು ವಿಳಂಬ. ಕಂಪ್ಯೂಟರ್ ಧ್ವನಿಯನ್ನು ಕಂತುಕಂತಾಗಿ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 44,100 ಮಾದರಿಗಳ ವೇಗದಲ್ಲಿ 256 ಮಾದರಿಗಳ ಕಂತಿಗೆ ಸುಮಾರು 6 ಮಿಲಿಸೆಕೆಂಡು. ಎರಡು ಮೀಟರು ಆಚೆ ಕೂತವನ ತಬಲಾ ಕಿವಿಗೆ ತಲುಪುವಷ್ಟು ಹೊತ್ತು. ಕಂತು 1,024ಕ್ಕೇರಿದರೆ 23 ಮಿಲಿಸೆಕೆಂಡು, ಲಯಗಾರನಿಗೆ ಆಗಲೇ ಕಿರಿಕಿರಿ. ಹಾಡುವವರು ತಮ್ಮ ದನಿಯನ್ನು ಕಂಪ್ಯೂಟರಿನಿಂದಲ್ಲ, ನೇರ ಮಿಕ್ಸರಿನಿಂದಲೇ ಕೇಳಿಸಿಕೊಳ್ಳುವುದು ಒಳ್ಳೆಯದು. ಆದರೂ ಹೊಸ ಟ್ರ್ಯಾಕ್ ಹಿಂದೆ ಬೀಳಬಹುದು. ಒಂದು ಚಪ್ಪಾಳೆಯನ್ನು ಮುದ್ರಿಸಿ, ಹೆಡ್‌ಫೋನನ್ನು ಮೈಕಿಗೆ ಆನಿಸಿ ಅದನ್ನೇ ಮರುಮುದ್ರಿಸಿದರೆ ಎರಡು ಚಪ್ಪಾಳೆಗಳ ನಡುವಿನ ಅಂತರವೇ ವಿಳಂಬದ ಅಳತೆ. ಅಷ್ಟು ದೂರ ಹೊಸ ಟ್ರ್ಯಾಕನ್ನು ಪರದೆಯ ಎಡಕ್ಕೆ ಎಳೆದರಾಯಿತು.

ಕಲ್ಲಿನ ಗೋಡೆ, ಫರಸಿ ಹಾಸಿದ ನೆಲ, ಮೇಲೆ ತಗಡು ಇದ್ದ ಕೋಣೆ ದನಿಯನ್ನು ಅತ್ತಿಂದಿತ್ತ ಎಸೆಯುತ್ತದೆ. ಸ್ಟುಡಿಯೊ ಫೋಮು ಹುಡುಕುವ ಮುಂಚೆ ಮನೆಯ ಕೌದಿಗಳನ್ನು ಇಳಿಬಿಟ್ಟು ನೋಡಬೇಕು. ಪದರಪದರವಾಗಿ ಹೊಲಿದ ಹಳೆಯ ಸೀರೆ, ಧೋತರದ ಕೌದಿ ಮೇಲುಸ್ವರಗಳ ಮಾರ್ದನಿಯನ್ನು ಚೆನ್ನಾಗಿಯೇ ನುಂಗುತ್ತದೆ. ಡಗ್ಗದ ಗುಂಯ್ ಮಾತ್ರ ಅದಕ್ಕೆ ಬಗ್ಗದು. ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಹಾಡಲು ರಾಯಚೂರಿನವರಿಗೆ ಹೇಳುವುದು ಅನ್ಯಾಯವೇ, ಆದರೆ ಬೇರೆ ದಾರಿಯಿಲ್ಲ; ಬೆಳಗಿನ ಜಾವ ಮೇಲು. ಹಿನ್ನೆಲೆಯಲ್ಲಿ 50 ಹರ್ಟ್ಸ್‌ನ ಗುಂಯ್‌ಗುಡಿತ ಕೇಳಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದಾಗ ಎಷ್ಟೋ ಸಲ ನಿಲ್ಲುತ್ತದೆ. ಕರೆಂಟು ಹೋದರೆ ಲ್ಯಾಪ್‌ಟಾಪ್ ಉಳಿದರೂ ಅಡಾಪ್ಟರಿನ ಮಿಕ್ಸರ್ ಸತ್ತುಹೋಗುತ್ತದೆ. ಅದಕ್ಕೊಂದು ಯುಪಿಎಸ್ ಬೇಕು.

24 ಬಿಟ್‌ನ ಒಂದು ಟ್ರ್ಯಾಕ್ ನಿಮಿಷಕ್ಕೆ ಸುಮಾರು 8 ಎಂಬಿ ತಿನ್ನುತ್ತದೆ; ಐದು ನಿಮಿಷದ ಪದಕ್ಕೆ ಎಂಟು ಟ್ರ್ಯಾಕ್ ಎಂದರೆ ಸುಮಾರು 320 ಎಂಬಿ. ಎಂಪಿ3 ಮಾಡಿ ಹಂಚಿದ ಮೇಲೆ ಈ ಟ್ರ್ಯಾಕ್‌ಗಳನ್ನು ಅಳಿಸಿಬಿಡುವವರುಂಟು. ತಾಳವನ್ನು ಇನ್ನಷ್ಟು ತಗ್ಗಿಸಿ ಎಂದು ನಾಳೆ ಯಾರಾದರೂ ಕೇಳಿದರೆ ಬೇಕಾಗುವುದು ಇವೇ.