ಭಿವಂಡಿಯ ಬಣ್ಣಗಾರರು ಮತ್ತು ಒಂದು ಆಮದು ತೀರ್ಮಾನ

ಮೂತ್ರಕೋಶದ ಆರಂಭಿಕ ಕ್ಯಾನ್ಸರಿನ ಅಣುಮಟ್ಟದ ವರ್ಗೀಕರಣದ ಚರಿತ್ರೆ ಬರೆಯುವವರು 2012ರ ಸ್ವೀಡನ್ನಿನ ಲುಂಡ್ ತಂಡದಿಂದ ಹೊರಟು 2016 ಮತ್ತು 2021ರ ಯುರೊಮಾಲ್ ಎಂಬ ಐರೋಪ್ಯ ಅಧ್ಯಯನಗಳಿಗೆ ಬಂದು ನಿಲ್ಲುವುದು ವಾಡಿಕೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಪೀಠಿಕೆಯಲ್ಲಿ ಪರೀಕ್ಷಿಸದೆ ಬಂದು ಕೂರುವ ಒಂದು ಮಾತಿನ ಬಗ್ಗೆ: ಬಣ್ಣದ ಕೆಲಸಗಾರರಲ್ಲಿ ಯಾರ ದೇಹ ಬಣ್ಣದ ಅಮೀನು ರಾಸಾಯನಿಕಗಳನ್ನು ನಿಧಾನವಾಗಿ ಅಸಿಟೈಲೀಕರಿಸುತ್ತದೋ (ಅಂದರೆ ಅವಕ್ಕೆ ಅಸಿಟೈಲ್ ಗುಂಪನ್ನು ಸೇರಿಸುತ್ತದೋ) ಅವರಿಗೆ ಅಪಾಯ ಹೆಚ್ಚು.

ಇದರ ಮೂಲ ಕಾರ್ಟ್‌ರೈಟ್ ಮತ್ತು ಸಂಗಡಿಗರ 1982ರ ಬ್ರಿಟಿಷ್ ಲೇಖನ. ಬಣ್ಣದ ಉದ್ಯಮದ 23 ರೋಗಿಗಳಲ್ಲಿ 22 ಮಂದಿ ನಿಧಾನದವರು. ಸಂಖ್ಯೆ ದಂಗುಬಡಿಸುವಂಥದ್ದೇ. ಆದರೆ ಆ ಸಾಕ್ಷ್ಯ ಬಣ್ಣ ತಯಾರಿಕೆಯ ಅಮೀನುಗಳಲ್ಲೊಂದಾದ ಬೆಂಜಿಡೀನನ್ನು ಮಿಕ್ಕ ಅಮೀನುಗಳಿಂದ ಬೇರ್ಪಡಿಸಿ ತೋರಿಸುವುದಿಲ್ಲ. (1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ರೇನ್ ಕೂಡ ಬಣ್ಣದ ಕೆಲಸಗಾರರ ಈ ಕ್ಯಾನ್ಸರನ್ನೆಲ್ಲ ಅನಿಲೀನಿನ ತಲೆಗೆ ಕಟ್ಟಿದ್ದರು. ಅವರಿಗೆ ರಿಯಾಯಿತಿ ಕೊಡಬಹುದು, ನಮಗಲ್ಲ.)

ಬೆಂಜಿಡೀನೊಂದರ ವಿಷಯದಲ್ಲಿ ಆ ಮಾತು ನಿಜವೇ ಎಂಬ ಪ್ರಶ್ನೆಗೆ ಉತ್ತರ ಅಹಮದಾಬಾದಿನಲ್ಲಿತ್ತು. ರಾತ್‌ಮನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 33 ಕಾರ್ಮಿಕರಿದ್ದಾರೆ: 15 ಮಂದಿ ಬೆಂಜಿಡೀನಿಗೆ, 18 ಮಂದಿ ಬೆಂಜಿಡೀನ್ ಮೂಲದ ಬಣ್ಣಗಳಿಗೆ ಒಡ್ಡಿಕೊಂಡವರು. ಮೂತ್ರದಲ್ಲಿ ಉದುರಿಬಂದ ಒಳಪದರದ ಜೀವಕೋಶಗಳಲ್ಲಿ ಡಿಎನ್‌ಎಗೆ ಅಂಟಿಕೊಂಡ ರಾಸಾಯನಿಕವನ್ನೇ ಅವರು ಅಳೆದರು. ಪ್ರಧಾನವಾಗಿ ಸಿಕ್ಕಿದ್ದು ಅಸಿಟೈಲ್ ಹೊತ್ತ ರೂಪ. ಅದರ ಪ್ರಮಾಣಕ್ಕೂ, ಅಸಿಟೈಲೀಕರಣದ ವೇಗ ನಿರ್ಧರಿಸುವ ನ್ಯಾಟ್-2 ಜೀನಿಗೂ ಸಂಬಂಧ ಕಾಣಲಿಲ್ಲ. ಕಾರಣ ಊಹಿಸಬಹುದು: ಬಣ್ಣದ ಉದ್ಯಮದ ಇನ್ನೊಂದು ಅಮೀನಾದ ಬೀಟಾ ನ್ಯಾಫ್ತೈಲಮೀನಿಗೆ ಇರುವುದು ಒಂದೇ ಅಮೀನು ಗುಂಪು, ಅಸಿಟೈಲ್ ಕೂತರೆ ವಿಷ ತಗ್ಗುತ್ತದೆ. ಬೆಂಜಿಡೀನಿಗೆ ಎರಡು, ಒಂದು ಮುಚ್ಚಿದರೂ ಇನ್ನೊಂದು ತೆರೆದೇ ಇರುತ್ತದೆ.

33 ಸಣ್ಣ ಸಂಖ್ಯೆ, ಡಿಎನ್‌ಎಗೆ ಅಂಟಿದ್ದೆಲ್ಲ ಗೆಡ್ಡೆಯಾಗುವುದಿಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೆ 23ನ್ನು ನಂಬುವವರು 33ನ್ನು ಸಣ್ಣದೆನ್ನುವುದು ನನಗೆ ಅರ್ಥವಾಗದು. ಗೆಡ್ಡೆಯನ್ನೇ ನೋಡಿದ ಶಾಂಘೈ ಅಧ್ಯಯನವೂ (1993) ಬೆಂಜಿಡೀನ್ ಕಾರ್ಮಿಕರಲ್ಲಿ ನಿಧಾನದವರಿಗೆ ಹೆಚ್ಚಿನ ಅಪಾಯ ಕಂಡಿರಲಿಲ್ಲ. ಅಹಮದಾಬಾದಿನ ಅದೇ ಗುಂಪಿನಲ್ಲಿ ನಿಜವಾದ ಅಂತರ ಕಂಡದ್ದು ಮೂತ್ರದ ಆಮ್ಲೀಯತೆಯಲ್ಲಿ: ಪಿಎಚ್ 6ಕ್ಕಿಂತ ಕಡಿಮೆಯಿದ್ದವರಲ್ಲಿ, 7 ಅಥವಾ ಹೆಚ್ಚಿದ್ದವರಿಗಿಂತ, ಡಿಎನ್‌ಎಗೆ ಅಂಟಿದ ರಾಸಾಯನಿಕ ಸುಮಾರು ಹತ್ತು ಪಟ್ಟು (1997). ಇದನ್ನು ಉಲ್ಲೇಖಿಸುವವರು ವಿರಳ.

ಠಾಣೆ ಜಿಲ್ಲೆಯ ಜವಳಿ ಊರಾದ ಭಿವಂಡಿಗೆ ಬಂದರೆ ಗೊಂದಲ ದುಪ್ಪಟ್ಟು. ಅಲ್ಲಿನ ಪವರ್‌ಲೂಮುಗಳು ಹೆಚ್ಚಾಗಿ ನೇಯುವುದು ಗ್ರೇ ಬಟ್ಟೆ, ಅಂದರೆ ಬಣ್ಣ ಹಾಕದ ಬಟ್ಟೆ. ಬಣ್ಣ ಏರುವುದು ಡೈಯಿಂಗ್ ಘಟಕಗಳಲ್ಲಿ, ಬಣ್ಣದ ರಾಸಾಯನಿಕ ತಯಾರಾಗುವುದು ಡೊಂಬಿವಲಿಯಂಥ ಕೈಗಾರಿಕಾ ವಸಾಹತುಗಳಲ್ಲಿ. ಈ ಮೂರೂ ಕಡೆಯ ಕೆಲಸಗಾರರನ್ನು 'ಜವಳಿ ಕಾರ್ಮಿಕ' ಎಂದು ಒಂದೇ ಕಾಲಮ್ಮಿಗೆ ಹಾಕಿದರೆ ಸಾಕ್ಷ್ಯ ಅಲ್ಲೇ ಹಾಳಾಗುತ್ತದೆ. ಅಹಮದಾಬಾದಿನಲ್ಲಿದ್ದ ಬೆಂಜಿಡೀನ್ ಒಡ್ಡಿಕೆಯ ಪ್ರಮಾಣವೇ ಭಿವಂಡಿಯ ಬಣ್ಣದ ತೊಟ್ಟಿಯಲ್ಲೂ ಇತ್ತೆಂದು ನಾನು ಹೇಳುತ್ತಿಲ್ಲ.

ಮತ್ತೆ ವರ್ಗೀಕರಣಕ್ಕೆ ಬಂದರೆ, ಯುರೊಮಾಲ್ 2021ರಲ್ಲಿ 535 ಗೆಡ್ಡೆಗಳ ಆರ್‌ಎನ್‌ಎ ಓದಿ 1, 2ಎ, 2ಬಿ, 3 ಎಂದು ನಾಲ್ಕು ವರ್ಗ ಮಾಡಿತು; ರೋಗ ಮುಂದುವರಿಯುವ ಅಪಾಯ 2ಎಯಲ್ಲಿ ಹೆಚ್ಚು. ಈ ವರ್ಗಗಳು ಗೆಡ್ಡೆಯ ನಡತೆಯನ್ನು ಹೇಳುತ್ತವೆ, ಅದನ್ನು ಹುಟ್ಟಿಸಿದ ರಾಸಾಯನಿಕವನ್ನಲ್ಲ. 70 ಆಜೋ ಬಣ್ಣಗಳ ಬಳಕೆಯನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 1997ರಲ್ಲಿ, ಈ ರೋಗ ತಲೆದೋರಲು ದಶಕಗಳೇ ಹಿಡಿಯುತ್ತವೆ. ಆದ್ದರಿಂದ ಠಾಣೆ ಜಿಲ್ಲೆಯ ರೋಗಿಯ ಕೇಸ್‌ಪೇಪರಿನಲ್ಲಿ ನ್ಯಾಟ್-2ಕ್ಕಿಂತ ಮೊದಲು ಇರಬೇಕಾದದ್ದು, 1997ಕ್ಕೆ ಮುಂಚೆ ಆತ ಯಾವ ತೊಟ್ಟಿಯ ಬಳಿ ಎಷ್ಟು ವರ್ಷ ನಿಂತಿದ್ದ ಎಂಬ ವಿವರ.