ಗಾಯಕ ಎಂಬ ಪದದ ಅರ್ಥವ್ಯಾಪ್ತಿ

ಹಾಡುವವನನ್ನು ಸೂಚಿಸಲು ಕನ್ನಡದಲ್ಲಿ ಬಳಕೆಯಾಗುವ ಪದಗಳು ಒಂದೇ ಮೂಲದವಲ್ಲ, ಒಂದೇ ಅರ್ಥದವೂ ಅಲ್ಲ. ‘ಗಾಯಕ’ ಸಂಸ್ಕೃತದಿಂದ ಬಂದಿದ್ದರೆ, ‘ಹಾಡುಗಾರ’ ಎಂಬುದು ಹಳಗನ್ನಡದ ‘ಪಾಡು’ ಧಾತುವಿಗೆ ‘ಗಾರ’ ಪ್ರತ್ಯಯ ಸೇರಿ ಆದ ರೂಪ.

ಗಾಯಕನನ್ನು ಶಾಸ್ತ್ರೀಯವಾಗಿ ವರ್ಗೀಕರಿಸಿದ ಗ್ರಂಥಗಳಲ್ಲಿ, ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ರಚಿಸಿದ ‘ಸಂಗೀತರತ್ನಾಕರ’ಕ್ಕೆ ವಿಶೇಷ ಸ್ಥಾನವಿದೆ. ಲೋಪವಿಲ್ಲದೆ ಕಲಿಸಬಲ್ಲವನನ್ನು ಶಿಕ್ಷಾಕಾರ, ಪರರ ಶೈಲಿಯನ್ನು ಅನುಸರಿಸುವವನನ್ನು ಅನುಕಾರ, ರಸದಲ್ಲಿ ತನ್ಮಯನಾಗುವವನನ್ನು ರಸಿಕ, ಕೇಳುಗರನ್ನು ತಣಿಸುವವನನ್ನು ರಂಜಕ, ಗೀತಕ್ಕೆ ಭಾವಾತಿಶಯ ತುಂಬುವವನನ್ನು ಭಾವುಕ ಎಂದು ಅದು ಕರೆಯುತ್ತದೆ. ಸಾಹಿತ್ಯ, ಧಾತು (ಸ್ವರರಚನೆ) ಎರಡನ್ನೂ ರಚಿಸುವ ವಾಗ್ಗೇಯಕಾರನ ಲಕ್ಷಣವನ್ನು ಗಾಯಕನ ಲಕ್ಷಣದಿಂದ ಬೇರೆಯಾಗಿಯೇ ಹೇಳಿದೆ. ಗಾಯಕದೋಷಗಳು 25. ಹಲ್ಲು ಕಚ್ಚಿ ಹಾಡುವವನು ಸಂದಷ್ಟ, ಕಾಗೆಯಂತೆ ಕರ್ಕಶವಾಗಿ ಹಾಡುವವನು ಕಾಕೀ, ಕಣ್ಣು ಮುಚ್ಚಿ ಹಾಡುವವನು ನಿಮೀಲಕ. ಈ ಕೊನೆಯ ದೋಷವನ್ನು ಇಂದಿನ ಕಛೇರಿಗಳಲ್ಲಿ ಬಹುಪಾಲು ತನ್ಮಯತೆಯ ಗುರುತೆಂದೇ ಮೆಚ್ಚಿಕೊಳ್ಳಲಾಗುತ್ತದೆ. ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ಕಲ್ಲಿನಾಥನು ಬರೆದ ‘ಕಲಾನಿಧಿ’ ವ್ಯಾಖ್ಯಾನದ ಮೂಲಕ ಈ ಗ್ರಂಥದ ಅಧ್ಯಯನ ಕನ್ನಡ ನಾಡಿನಲ್ಲೂ ಮುಂದುವರಿಯಿತು.

ಶಾಸ್ತ್ರದ ಈ ಗಾಯಕನಿಗಿಂತ ಭಿನ್ನವಾದ ಹಾದಿಯಲ್ಲಿ ಬೆಳೆದ ಪದ ‘ಗಮಕಿ’. ಕವಿ, ಗಮಕಿ, ವಾದಿ, ವಾಗ್ಮಿ ಎಂಬ ಪ್ರಾಚೀನ ವರ್ಗೀಕರಣದಲ್ಲಿ ಕೃತಿಯ ಮರ್ಮವನ್ನು ಬಿಡಿಸಿ ತೋರಿಸುವವನೇ ಗಮಕಿ. ಕಾವ್ಯವನ್ನು ರಾಗವಾಗಿ ವಾಚಿಸುವವನು ಎಂಬ ಅರ್ಥ ಕನ್ನಡದಲ್ಲಿ ನೆಲೆಯೂರಿದ ಮೇಲೂ, ತಾಳದ ಕಟ್ಟಿಗಿಂತ ಪದವಿಭಾಗ ಹಾಗೂ ಅರ್ಥಕ್ಕೆ ಬದ್ಧನಾಗಿರಬೇಕೆಂಬ ನಿಯಮದಲ್ಲಿ ಆ ಹಳೆಯ ಅರ್ಥ ಉಳಿದುಕೊಂಡಿದೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದದ್ದು ಗಮಕಿಯಾಗಿಯೇ.

ಯಕ್ಷಗಾನದ ‘ಭಾಗವತ’ನು ಹಾಡುಗಾರನಷ್ಟೇ ಅಲ್ಲದೆ, ಪ್ರಸಂಗದ ಪದ್ಯಗಳನ್ನು ಹಾಡುತ್ತ, ತಾಳ ಹಿಡಿದು, ವೇಷಧಾರಿಯನ್ನು ಮಾತಿಗೆಳೆದು ಇಡೀ ಆಟವನ್ನು ನಡೆಸುವ ಸೂತ್ರಧಾರನೂ ಹೌದು. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಲ್ಲಿ ಹಾಡಿಕೆಯು ದೀಕ್ಷೆಯೊಡನೆ ಬರುವ ಧಾರ್ಮಿಕ ಕರ್ತವ್ಯ. ಉತ್ತರ ಕರ್ನಾಟಕದ ‘ಗವಾಯಿ’ ಹಿಂದೂಸ್ತಾನಿ ಪರಂಪರೆಯ ಗೌರವನಾಮವಾಗಿದ್ದು, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿ ಅವರ ಹೆಸರುಗಳಿಗೆ ಅದು ಅಂಟಿಕೊಂಡೇ ಇದೆ.

ಹಾಡುಗಾರನನ್ನು ಉಳಿದ ಹೊಣೆಗಳಿಂದ ಬಿಡಿಸಿ ಬರಿಯ ದನಿಯನ್ನಾಗಿಸಿದ್ದು ಮುಖ್ಯವಾಗಿ ಚಲನಚಿತ್ರ. 1934ರ ‘ಸತಿ ಸುಲೋಚನ’ದ ಕಾಲಕ್ಕೆ, ಕಂಪನಿ ನಾಟಕಗಳಲ್ಲಿದ್ದಂತೆ, ನಟನೇ ಹಾಡಬೇಕಿತ್ತು; ಧ್ವನಿಯನ್ನು ಪ್ರತ್ಯೇಕವಾಗಿ ಮುದ್ರಿಸುವ ತಂತ್ರ ರೂಢಿಗೆ ಬಂದ ಮೇಲೆ ‘ಹಿನ್ನೆಲೆ ಗಾಯಕ’ ಎಂಬ ಹೊಸ ಸಮಾಸ ಹುಟ್ಟಿತು. ಈ ವಿಭಾಗದ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ, ‘ಕಾಡು ಕುದುರೆ’ಗೆ ಹಾಡಿದ ಶಿವಮೊಗ್ಗ ಸುಬ್ಬಣ್ಣ. ಬಹುಕಾಲ ಪಿ.ಬಿ. ಶ್ರೀನಿವಾಸ್ ಅವರ ದನಿಗೆ ಅಭಿನಯಿಸಿ, 1974ರ ‘ಸಂಪತ್ತಿಗೆ ಸವಾಲ್’ನ ನಂತರ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡತೊಡಗಿದ ರಾಜ್‌ಕುಮಾರ್ ಅವರಿಗೆ ‘ಜೀವನ ಚೈತ್ರ’ಕ್ಕಾಗಿ ಇದೇ ಪ್ರಶಸ್ತಿ ಬಂದಾಗ, ತೆರೆಯ ಮುಂದೆ ನಿಂತ ನಟನೇ ‘ಹಿನ್ನೆಲೆ’ ಗಾಯಕನೆನಿಸಿದ್ದು ಈ ಪಾರಿಭಾಷಿಕ ಪದಕ್ಕೆ ಒದಗಿದ ವಿಚಿತ್ರ ಪ್ರಯೋಗ.